ಆರನೇ ದಿನದವಳು, ಎಂಟನೇ ದಿನದವನು

ಅಂಜಲಿ ಮತ್ತು ಕಿರಣ್ ಕುಮಾರ್ ಗಂಡ-ಹೆಂಡತಿ. ಇದ್ದದ್ದು ಒಂದೇ ಮನೆಯಲ್ಲಿ, ಮಲಗುತ್ತಿದ್ದದ್ದು ಒಂದೇ ಹಾಸಿಗೆಯಲ್ಲಿ. ಹೊತ್ತು ಮಾತ್ರ ಬೇರೆ ಬೇರೆ. ಹೊಸಪೇಟೆಯ ಚಿತ್ತವಾಡ್ಗಿಯ ಆ ಒಂದು ಕೋಣೆಯ ಬಾಡಿಗೆ ಮನೆಗೆ ಅವಳು ಆಸ್ಪತ್ರೆಯ ಡ್ಯೂಟಿ ಮುಗಿಸಿ ಬರುವಷ್ಟರಲ್ಲಿ ಅವನು ತೋರಣಗಲ್ಲಿನ ಫ್ಯಾಕ್ಟರಿ ಬಸ್ಸು ಹತ್ತಿರುತ್ತಿದ್ದ. ಅವನು ಬೂಟಿನ ಕೆಂಪು ಧೂಳು ಕೊಡವಿ ಬಾಗಿಲು ತೆಗೆಯುವಷ್ಟರಲ್ಲಿ ಅವಳ ಬಿಳಿ ಕೋಟು ಗೋಡೆಯ ಮೊಳೆಯಿಂದ ಹೋಗಿರುತ್ತಿತ್ತು. ಒಲೆಯ ಮೇಲೆ ಮುಚ್ಚಿಟ್ಟ ಚಹಾ ಇನ್ನೂ ಬಿಸಿಯಿದ್ದರೆ, ಈಗಷ್ಟೇ ಹೋದಳು ಅಂತ ಅವನು ತಿಳಿಯಬೇಕು. ದಿಂಬು ಇನ್ನೂ ಬೆಚ್ಚಗಿದ್ದರೆ, ಈಗಷ್ಟೇ ಎದ್ದು ಹೋದ ಅಂತ ಅವಳು ತಿಳಿಯಬೇಕು. ಆ ದಿಂಬಿನ ಮೇಲೆ ಕೆನ್ನೆಯಿಟ್ಟು ಅಂಜಲಿ ಎಷ್ಟು ಸಲ ಹಾಗೇ ಕಣ್ಣು ಬಿಟ್ಟುಕೊಂಡು ಮಲಗಿರುತ್ತಿದ್ದಳೋ, ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳುವಂಥ ಮಾತೂ ಅಲ್ಲ ಬಿಡಿ.

ಮಗಳು ಮೈತ್ರಿ ಐದನೇ ಕ್ಲಾಸು. ಅವಳು ಕಂಪ್ಲಿಯಲ್ಲಿ, ಕಿರಣನ ತಾಯಿ ಉಚ್ಚಂಗೆಮ್ಮನ ಹತ್ತಿರ ಇದ್ದಳು. ಯಾವ ಹೊತ್ತಿಗೆ ಯಾರು ಇರುತ್ತಾರೋ ಗೊತ್ತಿಲ್ಲದ ಮನೆಯಲ್ಲಿ ಹುಡುಗಿಯನ್ನು ಯಾರ ಕೈಗೆ ಬಿಟ್ಟು ಹೋಗುವುದು? "ನಾಟಿ ಹಚ್ಚಾಕ ಹೋದ್ರೂ ಬದುವಿನ ಮ್ಯಾಲ ಕುಂದ್ರಿಸಿಕೊಂಡಿರ್ತೀನಿ, ನನ್ ಕಡಿ ಕೊಡವ್ವ" ಅಂತ ಉಚ್ಚಂಗೆಮ್ಮ ಸೊಂಟಕ್ಕೆ ಏರಿಸಿಕೊಂಡು ಹೋದಾಗ ಮೈತ್ರಿಗೆ ಎಡಗಾಲ ಚಪ್ಪಲಿ ಯಾವುದು, ಬಲಗಾಲದ್ದು ಯಾವುದು ಗೊತ್ತಿರಲಿಲ್ಲ. ಈಗ ಅವಳು ಅಜ್ಜಿಗೆ ಮೊಬೈಲಿನಲ್ಲಿ ಕರೆನ್ಸಿ ಹಾಕಿಕೊಡುವಷ್ಟು ದೊಡ್ಡವಳಾಗಿದ್ದಳು.

ಅಂಜಲಿಗೆ ಐದು ದಿನ ವಾರ್ಡ್ ಡ್ಯೂಟಿ, ಆರನೇ ದಿನ ರಜೆ. ಕಿರಣನದು ಎರಡು ದಿನ ಫಸ್ಟ್ ಶಿಫ್ಟು, ಎರಡು ದಿನ ಸೆಕೆಂಡು, ಮೂರು ನೈಟು. ಎಂಟನೇ ದಿನ ಆಫ್. ರಜೆ ಯಾರಿಗೆ ಸಿಕ್ಕರೆ ಅವರು ಕಂಪ್ಲಿಯ ಬಸ್ಸು ಹತ್ತುವುದು. ನಡುವೆ ಬೇರೆ ರಜೆ ಕೇಳುವ ಹಾಗಿರಲಿಲ್ಲ. ವಾರ್ಡಿನಲ್ಲಿ ಇಬ್ಬರು ನರ್ಸುಗಳು ಕೆಲಸ ಬಿಟ್ಟು ಹೋಗಿ, ಉಳಿದವರೇ ಎಳೆಯುತ್ತಿದ್ದರು. ಕಿರಣ ಕಾಂಟ್ರಾಕ್ಟ್ ಕೆಲಸದವನು. ಅವನ ಜಾಗ ಒಂದು ದಿನ ಖಾಲಿಯಾದರೆ ಮರುದಿನ ಅಲ್ಲಿ ಇನ್ನೊಬ್ಬ ಹೆಲ್ಮೆಟ್ ಹಾಕಿಕೊಂಡು ನಿಂತಿರುತ್ತಿದ್ದ.

ಹೀಗಾಗಿ ಗಂಡ-ಹೆಂಡತಿಯ ಮಾತುಕತೆ ಮಗಳ ಬಾಯಲ್ಲಿ ನಡೆಯುತ್ತಿತ್ತು.

"ಅವ್ವಾ, ಅಪ್ಪ ಬಂದಾಗ ಬಚ್ಚಲದ ಕದ ರಿಪೇರಿ ಮಾಡಿದ. ಆಮ್ಯಾಲ, ನಿಮ್ಮವ್ವಗ ಹೇಳು, ಚಹಾಕ್ಕ ಸಕ್ಕರಿ ಭಾಳ ಹಾಕ್ತಾಳ ಅಂದ."

"ಹೌದಾ? ಅಪ್ಪ ಬಂದಾಗ ನೀನೂ ಹೇಳು, ಸಕ್ಕರಿ ನಾ ಹಾಕಿದ್ದಲ್ಲ, ಡಬ್ಬಿ ಮುಚ್ಚಳ ಬಿಗಿ ಹಾಕಲಾರದಕ್ಕ ಅದ ಸುರಿದಿದ್ದು ಅಂತ. ಮುಚ್ಚಳ ಬಿಟ್ಟವ್ರು ಯಾರಂತ ಕೇಳು."

ಮೈತ್ರಿ ಇದನ್ನೆಲ್ಲ ಒಂದಕ್ಷರ ಬಿಡದೆ ಒಯ್ದು ಮುಟ್ಟಿಸುತ್ತಿದ್ದಳು. ಫೋನು ಇರಲಿಲ್ಲವೇ ಅಂದರೆ ಇತ್ತು. ಆದರೆ ಫರ್ನೇಸಿನ ಹತ್ತಿರ ಫೋನು ಒಯ್ಯುವಂತಿಲ್ಲ, ವಾರ್ಡಿನಲ್ಲಿ ಅದು ಬೀರುವಿನೊಳಗೆ. ಹೊರಗೆ ಬಂದಾಗ ಒಬ್ಬರು ನಿದ್ದೆಯಲ್ಲಿ, ಇನ್ನೊಬ್ಬರು ಬಸ್ಸಿನಲ್ಲಿ.

ಮೈತ್ರಿಗೆ ಒಂದೇ ಒಂದು ಹಟ. ಕಂಪ್ಲಿಯಿಂದ ಬಸ್ಸಿನಲ್ಲಿ ಹೋಗುವಾಗ ಕಮಲಾಪುರ ದಾಟಿದರೆ ಹಂಪಿ. ಅಲ್ಲಿ ಹೊಳೆಯಲ್ಲಿ ಹರಿಗೋಲು. ಅಪ್ಪ ಕರೆದ, ಹೋಗಲಿಲ್ಲ. ಅವ್ವ ಕರೆದಳು, ಹೋಗಲಿಲ್ಲ. "ಬುಟ್ಟಿ ಹಂಗ ದುಂಡಗ ಇರ್ತೈತಿ ಅದು. ಒಬ್ರ ಕುಂತ್ರ ಒಂದ ಕಡಿ ವಾಲ್ತೈತಿ. ಈ ಕಡಿ ಅಪ್ಪ, ಆ ಕಡಿ ಅವ್ವ ಕುಂತ್ರ ಮಾತ್ರ ನಾ ನಡುವ ಕುಂದ್ರಾಕಿ" ಅಂತ ಅವಳ ಲೆಕ್ಕ. ಅಂಜಲಿ ಅದಕ್ಕೆ ನಕ್ಕಿದ್ದಳು. ಬಸ್ಸಿನಲ್ಲಿ ಹೊಸಪೇಟೆಗೆ ವಾಪಸು ಬರುವಾಗ ಕಿಟಕಿಯ ಕಡೆ ತಿರುಗಿಕೊಂಡೇ ಕೂತಿದ್ದಳು, ಬಾಳೆತೋಟಗಳು ಮುಗಿಯುವ ತನಕ.

ಒಂದೇ ಒಂದು ದಿನ ಮೂವರೂ ಒಟ್ಟಿಗೆ. ಅಷ್ಟೇ ಬೇಕಾಗಿದ್ದದ್ದು.

ಕಿರಣನಿಗೆ ಅದು ಬಂದೇ ಬರುತ್ತದೆಂಬ ಧೈರ್ಯವಿತ್ತು. ಅಕ್ಕಿ ಅಂಗಡಿಯವರು ಕೊಟ್ಟ ಕ್ಯಾಲೆಂಡರಿನಲ್ಲಿ ತನ್ನ ಆಫ್‌ಗೆ ನೀಲಿ ಪೆನ್ನಿನ ಗುರುತು, ಅಂಜಲಿಯ ರಜೆಗೆ ಅವಳ ಉಗುರುಬಣ್ಣದ ಕೆಂಪು ಚುಕ್ಕೆ. ಒಮ್ಮೆ ಅವನ ಗುರುತಿನ ಮಗ್ಗುಲಲ್ಲೇ ಅವಳ ಚುಕ್ಕೆ ಬಂತು. ಅವನು ಹೊರಡುವ, ಅವಳು ಬರುವ ಹತ್ತು ನಿಮಿಷದ ಸಂಧಿಯಲ್ಲಿ ಬೆರಳಿಟ್ಟು ತೋರಿಸಿದ.

"ನೋಡಲೇ ಅಂಜೂ, ಒಂದ ದಿನದಾಗ ತಪ್ಪೈತಿ. ಹತ್ರ ಹತ್ರ ಬರಾಕತ್ತೈತಿ. ಮುಂದಿನ ಸಲ ಹಿಡೀತೈತಿ."

"ಹೋದ ಸಲಾನೂ ಹಿಂಗ ಅಂದಿದ್ರಿ."

"ಹೋದ ಸಲ ಈ ಕಡಿ ಒಂದು ದಿನ ತಪ್ಪಿತ್ತು, ಈ ಸಲ ಆ ಕಡಿ. ನಡುವ ಐತಿ ನೋಡು ನಮ್ದು, ಎಲ್ಲಿ ಹೋಗ್ತೈತಿ?"

ಅಂಜಲಿಗೆ ಅದು ಸರಿಯೆನ್ನಿಸಿತು. ಗುರಿ ಈ ಕಡೆ ಒಮ್ಮೆ, ಆ ಕಡೆ ಒಮ್ಮೆ ತಪ್ಪಿದರೆ ಮೂರನೆಯದು ನಡುವೆ ಬೀಳಬೇಕಲ್ಲ. ಬೀಳಲಿಲ್ಲ. ತಿಂಗಳು ಹೋಯಿತು, ಇನ್ನೊಂದು ಹೋಯಿತು. ಚುಕ್ಕೆ ಮಗ್ಗುಲಿಗೆ ಬರುತ್ತಿತ್ತು, ಮೈಗೆ ಮೈ ಹಚ್ಚುತ್ತಿತ್ತು, ದಾಟಿ ಹೋಗುತ್ತಿತ್ತು.

ಗುಟ್ಟು ಬಿಡಿಸಿದ್ದು ಮೈತ್ರಿಯ ಆಟ. ಅವತ್ತು ಅಂಜಲಿಯ ರಜೆ. ಕಂಪ್ಲಿಯ ಮನೆಯ ಅಂಗಳದಲ್ಲಿ ಉಚ್ಚಂಗೆಮ್ಮ ಹುಣಸೆಹಣ್ಣು ಬಡಿದು ಬೀಜ ತೆಗೆಯುತ್ತ ಕೂತಿದ್ದಳು. ಮೈತ್ರಿ ಎಂಟು ಬೀಜ ಆರಿಸಿ ದುಂಡಗೆ ಇಟ್ಟಿದ್ದಳು. ಒಂದಕ್ಕೆ ಅಜ್ಜಿಯ ಎಲೆಯಡಿಕೆ ಚೀಲದ ಸುಣ್ಣ ಬಳಿದಿತ್ತು.

"ಇದ ಅಪ್ಪನ ಆಫು" ಅಂದಳು ಬಿಳಿ ಬೀಜ ತೋರಿಸಿ. "ಉಳಿದಿದ್ದು ಅಪ್ಪನ ಶಿಫ್ಟು. ಎಂಟು ದಿನ ಆದ ಮ್ಯಾಲ ಮತ್ತ ಬಿಳೀದಕ್ಕ ಬರ್ತೈತಿ. ಈಗ ನೀ ಹೋಗಬೇಕವ್ವ. ಅಪ್ಪ ನಿನ್ನೆ ಬಂದಿದ್ದ, ಇವತ್ತು ನೀ ಬಂದಿ. ಅಂದ್ರ ನೀ ಬಿಳೀದರ ಮುಂದಿನ ಬೀಜದ ಮ್ಯಾಲ ಅದಿ. ಆರಾರು ಎಣಿಸಿ ಜಿಗಿ."

ಅಂಜಲಿ ಬೆರಳಿನಿಂದ ಎಣಿಸಿದಳು. ಆರು ಬೀಜ ದಾಟಿ ಬೆರಳು ಬಿಳಿಯದರ ಹಿಂದಿನ ಬೀಜದ ಮೇಲೆ ಕೂತಿತು. ಮತ್ತೆ ಆರು, ಬಿಳಿಯದನ್ನು ಹಾರಿ ಆಚೆ. ಮತ್ತೆ ಆರು. ಮತ್ತೆ ಆರು. ಬೆರಳು ಶುರುವಾದ ಬೀಜಕ್ಕೇ ಬಂದು ನಿಂತಿತು.

"ಇನ್ನೊಮ್ಮೆ" ಅಂದಳು ಮೈತ್ರಿ.

ಅದೇ ನಾಲ್ಕು ಬೀಜ. ಒಂದು ಬಿಟ್ಟು ಒಂದು. ಎಷ್ಟು ಸುತ್ತು ಹಾಕಿದರೂ ಆ ನಾಲ್ಕೇ.

"ಅವ್ವ, ನೀ ಯಾವಾಗ್ಲೂ ಅಪ್ಪನ ಬೀಜ ಹಾರಿ ಹೋಗ್ತಿ" ಅಂದಳು ಮೈತ್ರಿ. ಆಟದಲ್ಲಿ ಸೋತವರನ್ನು ಅಣಕಿಸುವ ದನಿ. ಆಮೇಲೆ ತಾಯಿಯ ಮುಖ ನೋಡಿ ಬೀಜಗಳನ್ನು ಮುಷ್ಟಿಗೆ ಬಾಚಿಕೊಂಡಳು.

ಉಚ್ಚಂಗೆಮ್ಮ ಕಲ್ಲಿನ ಬಡಿತ ನಿಲ್ಲಿಸಿದಳು. "ಏನಾತವ್ವ? ಹುಣಸಿಬೀಜ ನೋಡಿ ಯಾಕ ಕಣ್ಣಾಗ ನೀರು ತರ್ತಿ?"

"ಏನಿಲ್ಲ ಅತ್ತಿ. ಹುಳಿ ಸಿಡಿತು."

ಹತ್ತಿರ ಬರುತ್ತಿದೆ ಅಂದುಕೊಂಡದ್ದು ಹತ್ತಿರ ಬರುತ್ತಲೇ ಇರಲಿಲ್ಲ. ಆರರೊಳಗೆ ಎರಡಿದೆ, ಎಂಟರೊಳಗೂ ಎರಡಿದೆ. ಎರಡೆರಡರ ಹೆಜ್ಜೆಯವರಿಬ್ಬರು, ಒಬ್ಬರು ಬೆಸ ದಿನ ಹಿಡಿದು ಹೊರಟರೆ ಇನ್ನೊಬ್ಬರು ಸಮ ದಿನ ಹಿಡಿದು ಹೊರಟಿದ್ದಾರೆ. ಮುದುಕರಾಗುವ ತನಕ ನಡೆದರೂ ಒಬ್ಬರ ಹೆಜ್ಜೆ ಮೇಲೆ ಇನ್ನೊಬ್ಬರ ಹೆಜ್ಜೆ ಬೀಳದು. ಮಗಳು ಹಿಂದಿನ ವಾರ ಹೋಂವರ್ಕಿಗೆ ಅಂತ ಫೋನಿನಲ್ಲಿ ಕೇಳಿದ್ದಳು, "ಆರು ಮತ್ತು ಎಂಟರ ಸಾಮಾನ್ಯ ಅಪವರ್ತನ ಯಾವುವು?" "ಒಂದು, ಎರಡು" ಅಂತ ಅಂಜಲಿಯೇ ಹೇಳಿಕೊಟ್ಟಿದ್ದಳು, ಮನೆಯಲ್ಲಿ ಚಹಾದ ಪಾತ್ರೆ ತೊಳೆಯುತ್ತ, ಸ್ಪೀಕರಿನಲ್ಲಿ ಫೋನಿಟ್ಟು. ಹೇಳಿದವಳಿಗೇ ಅದು ತನ್ನ ಮನೆಯ ಸುದ್ದಿ ಅಂತ ಗೊತ್ತಾಗಿರಲಿಲ್ಲ.

ಗೊತ್ತಾದ ಮೇಲೆ ಸುಮ್ಮನಿರುವವಳಲ್ಲ ಅಂಜಲಿ. ಒಂದು ದಿನ ಸರಿಸಿದರೆ ಮುಗಿಯಿತಲ್ಲ! ಬೆಸ ಹೋಗಿ ಸಮವಾದರೆ ಬೆರಳು ಬಿಳಿಬೀಜದ ಮೇಲೆ ಬೀಳಲೇಬೇಕು. ವಾರ್ಡಿನ ನರ್ಸುಗಳಲ್ಲಿ ಅವಳ ಮರುದಿನ ರಜೆಯಿದ್ದವಳು ಗಂಗಾಂಬಿಕಾ. ಸಂಡೂರಿನವಳು, ವಯಸ್ಸಿನಲ್ಲಿ ಹಿರಿಯಳು, ಬಾಯಿ ಜೋರು, ಮನಸ್ಸು ಮೆತ್ತಗೆ.

"ಗಂಗಕ್ಕ, ನಿಮ್ ಆಫು ನನಗ ಕೊಡ್ರಿ, ನಂದು ನೀವು ತಗೊಳ್ರಿ. ಕಾಯಂ."

"ಯಾಕ? ನನ್ ಆಫಿಗೆ ಬೆಲ್ಲ ಹಚ್ಚೈತೇನು?"

ಅಂಜಲಿ ಎಲ್ಲ ಹೇಳಿದಳು. ಗಂಗಾಂಬಿಕಾ ಕೇಳಿ, ಹಣೆ ಚಚ್ಚಿಕೊಂಡು, "ಗಂಡನ್ನ ನೋಡಾಕ ಲೆಕ್ಕ ಮಾಡೋದನ್ನ ಇವತ್ತ ಕೇಳಿದ್ನಿ ನೋಡವ್ವ. ನನಗ ಲೆಕ್ಕ ಕೊಟ್ರ ನಾ ನನ್ ಗಂಡನ್ನ ನೋಡಲಾರದಂಗ ಮಾಡ್ಕೊಂತೀನಿ. ತಗೋ ತಗೋ" ಅಂದಳು.

ಕ್ಯಾಲೆಂಡರಿನಲ್ಲಿ ಹೊಸ ಚುಕ್ಕೆಗಳು ಬಿದ್ದವು. ಮೂರನೆಯ ಚುಕ್ಕೆ ನೀಲಿ ಗುರುತಿನ ನಟ್ಟನಡುವೆ ಕೂತಿತು. ಕಿರಣ ಅದನ್ನು ಎಷ್ಟು ಸಲ ಮುಟ್ಟಿ ನೋಡಿದನೋ, ಉಗುರುಬಣ್ಣ ಕೆರೆದು ಅರ್ಧ ಹೋಗಿತ್ತು. ಮೈತ್ರಿಗೆ ಹೊಸ ಲಂಗ-ಜಾಕೀಟು ಬಂತು. ಉಚ್ಚಂಗೆಮ್ಮ ಓಣಿ ತುಂಬ ಹೇಳಿಕೊಂಡು ಬಂದಳು, "ನನ್ ಮಗ-ಸೊಸಿ ಇಬ್ರೂ ಒಮ್ಮಿಗೇ ಬರ್ತಾರ, ಯಾರೂ ಸತ್ತಿಲ್ಲ ಮತ್ತ, ಸುಮ್ನ ಬರ್ತಾರ."

ಆ ದಿನಕ್ಕೆ ಇನ್ನೂ ವಾರವಿರುವಾಗ ಫ್ಯಾಕ್ಟರಿಯಲ್ಲಿ ಶಟ್‌ಡೌನ್ ಬಂತು. ದೊಡ್ಡ ಯಂತ್ರ ನಿಲ್ಲಿಸಿ, ಬಿಚ್ಚಿ, ರಿಪೇರಿ ಮಾಡಿ ಮತ್ತೆ ಕಟ್ಟುವ ಕೆಲಸ. ಆಗ ಯಾರಿಗೂ ಆಫ್ ಇಲ್ಲ. ಮುಗಿದ ಮೇಲೆ ಸರದಿ ಹೊಸದಾಗಿ ಶುರು. ಕಿರಣನ ಆಫು ಮೂರು ದಿನ ಮುಂದಕ್ಕೆ ಹೋಗಿ ಕೂತಿತು. ಮೂರು ಬೆಸ. ಬೆಸ ಸರಿದರೆ ಮತ್ತೆ ಅದೇ ಹಳೆಯ ನಾಲ್ಕು ಬೀಜ.

ಲಂಗ ಹಾಕಿಕೊಂಡು ಕೂತಿದ್ದ ಮಗಳ ಹತ್ತಿರ ಆ ದಿನ ಅಂಜಲಿ ಒಬ್ಬಳೇ ಹೋದಳು. ಹಂಪಿಯ ಮಾತನ್ನು ಯಾರೂ ಎತ್ತಲಿಲ್ಲ. ಮೈತ್ರಿ ಮಾತ್ರ ಸಂಜೆ ಬಸ್ಸಿನ ಹತ್ತಿರ, "ಅಪ್ಪಗ ಸಿಟ್ಟು ಬಂದಿಲ್ಲ ಅಂತ ಹೇಳು" ಅಂದಳು. ಸಿಟ್ಟು ಯಾರಿಗೆ ಬಂದಿಲ್ಲವೆಂದು ಅವಳು ಹೇಳಲಿಲ್ಲ, ಅಂಜಲಿ ಕೇಳಲೂ ಇಲ್ಲ.

ಗಂಗಾಂಬಿಕಾಳನ್ನು ಮತ್ತೆ ಕೇಳಿದ್ದಾಯಿತು.

"ಅಲ್ಲಬೇ, ಸಂಡೂರಾಗ ನನ್ ಅವ್ವನ್ನ ನೋಡಾಕ ಅಣ್ಣ-ತಮ್ಮಂದಿರ ಜೋಡಿ ದಿನ ಹಂಚಿಕೊಂಡೀನಿ. ಈಗಷ್ಟ ಎಲ್ಲಾರಿಗೂ ಹೇಳಿ ಬದಲಿ ಮಾಡಿಸೀನಿ. ನಿನ್ ಗಂಡನ ಮಶೀನು ಕೆಟ್ಟಾಗೊಮ್ಮೆ ಸಂಡೂರಾಗ ನಮ್ಮವ್ವನ ಸರದಿ ಬದಲಾಗಬೇಕೇನು?"

ಅದೂ ಖರೆಯೇ. ಅಂಜಲಿಗೆ ಬೇಕಾಗಿದ್ದದ್ದು ಒಮ್ಮೆ ಕೂಡಿಸಿಕೊಡುವ ಉಪಾಯವಲ್ಲ. ಅವನ ಸರದಿ ಎಲ್ಲಿಂದ ಶುರುವಾದರೂ, ಯಾವ ಯಂತ್ರ ಯಾವಾಗ ನಿಂತರೂ, ಕೊನೆಗೆ ಕೂಡಿಯೇ ತೀರುವ ಒಂದು ಎಣಿಕೆ. ಅಂಥದ್ದು ಇದೆಯೇ?

ಡ್ಯೂಟಿ ರೂಮಿನ ಮೇಜಿನ ಮೇಲೆ ಸಿರಿಂಜಿನ ಎಂಟು ಮುಚ್ಚಳ ದುಂಡಗಿಟ್ಟುಕೊಂಡು, ಕಿರಣನ ಆಫಿನ ಗುರುತಿಗೆ ಒಂದಕ್ಕೆ ಬಿಳಿ ಟೇಪು ಅಂಟಿಸಿ, ಅವಳು ರಾತ್ರಿ ಊಟದ ಹೊತ್ತಿನಲ್ಲಿ ಎಣಿಸಿದಳು. ನಾಲ್ಕರ ಹೆಜ್ಜೆ: ಎರಡೇ ಮುಚ್ಚಳದ ನಡುವೆ ಓಡಾಟ, ಆರಕ್ಕಿಂತ ಕಡೆ. ರಜೆ ಹೆಚ್ಚು ಸಿಕ್ಕರೆ ಭೇಟಿ ಹೆಚ್ಚು ಅನ್ನುವುದೂ ಸುಳ್ಳಾಯಿತು. ಅಷ್ಟರಲ್ಲಿ, ಊಟದ ಬಿಡುವಿಗೆಂದು ಬೀರುವಿನಿಂದ ತೆಗೆದಿಟ್ಟಿದ್ದ ಫೋನಿಗೆ ಮಗಳ ಕರೆ.

"ಅವ್ವ, ಟೀಚರ್ ಅವಿಭಾಜ್ಯ ಸಂಖ್ಯೆ ಬರಕೊಂಡು ಬಾ ಅಂದಾರ. ಎರಡು, ಮೂರು, ಐದು ಬರದೀನಿ. ಏಳು ಹೌದಿಲ್ಲೋ?"

"ಬೀಜ ತಗೊಂಡು ಸಾಲು ಹಚ್ಚಿ ನೋಡು."

ಆ ಕಡೆ ಬೀಜ ಸುರಿದ ಸಪ್ಪಳ. ಸ್ವಲ್ಪ ಹೊತ್ತಿನ ಮೇಲೆ, "ಎರಡು ಸಾಲು ಮಾಡಿದ್ರ ಒಂದು ಉಳೀತೈತಿ. ಮೂರು ಮಾಡಿದ್ರೂ ಒಂದು ಉಳೀತೈತಿ. ಯಾರ ಜೋಡಿನೂ ಸಾಲಿಗೆ ನಿಲ್ಲವಲ್ದು. ಒಂದು, ಇಲ್ಲಾಂದ್ರ ಅದ. ಅಷ್ಟ ಅದರ ಅಪವರ್ತನ." ಆಮೇಲೆ ಮೈತ್ರಿ ಕೇಳಿದಳು. "ಹಂಗಂದ್ರ ಏಳಕ್ಕ ಯಾರೂ ಇಲ್ಲೇನವ್ವ?"

ಅಂಜಲಿ ಉತ್ತರ ಕೊಡುವ ಬದಲು ಮುಚ್ಚಳದ ಮೇಲೆ ಬೆರಳಿಟ್ಟು ಏಳರ ಹೆಜ್ಜೆ ಹಾಕುತ್ತಿದ್ದಳು. ಎಲ್ಲಿಂದಾದರೂ ಆಗಲಿ ಅಂತ ಬಿಳಿಯದರಿಂದ ದೂರದ ಮುಚ್ಚಳ ಹಿಡಿದಳು. ಏಳು ಎಣಿಸಿದರೆ ಹಿಂದಿನ ಮುಚ್ಚಳ. ಮತ್ತೆ ಏಳು, ಅದರ ಹಿಂದಿನದು. ಒಂದನ್ನೂ ಹಾರದೆ, ಮನೆಮನೆಗೂ ನಿಂತು ಬರುವ ಹಾಲಿನವನ ಹಾಗೆ, ಬೆರಳು ಒಂದೊಂದೇ ಮುಚ್ಚಳ ಮುಟ್ಟುತ್ತ ಬಂದು ಆ ಗುರುತಿನ ಮುಚ್ಚಳದ ಮೇಲೆ ನಿಂತಿತು. ಬೇರೆ ಕಡೆಯಿಂದ ಶುರು ಮಾಡಿದಳು. ನಿಂತಿತು. ಎಲ್ಲಿಂದ ಹೊರಟರೂ ನಿಂತಿತು.

ಎಂಟನ್ನು ಒಡೆದರೆ ಎರಡು, ಎರಡು, ಎರಡು. ಏಳು ಒಡೆಯುವುದೇ ಇಲ್ಲ. ಇಬ್ಬರೊಳಗೂ ಇರುವಂಥ ಎರಡಿಲ್ಲ, ಹಾಗಾಗಿ ಬೆಸ-ಸಮದ ಗೋಡೆಯೂ ಇಲ್ಲ.

"ಅವ್ವಾ? ಏಳಕ್ಕ ಯಾರೂ ಇಲ್ಲೇನು ಅಂದ್ನಿ."

"ಅದಕ್ಕ ಎಂಟು ಸಿಗ್ತೈತಿ ಪುಟ್ಟಾ. ತಡಾ ಆಗ್ತೈತಿ, ಆದ್ರ ಸಿಗ್ತೈತಿ."

"ಹಂಗ ಬರದ್ರ ಟೀಚರ್ ಮಾರ್ಕ್ಸ್ ಕೊಡಲ್ಲ" ಅಂದು ಮೈತ್ರಿ ಫೋನಿಟ್ಟಳು.

ಆಸ್ಪತ್ರೆಯಲ್ಲಿ ಏಳರ ಸರದಿ ಇದ್ದದ್ದು ಒಂದೇ ಕಡೆ, ಡಯಾಲಿಸಿಸ್ ರೂಮಿನಲ್ಲಿ. ಆರು ದಿನ, ಹಗಲೋ ರಾತ್ರಿಯೋ ಹಾಕಿದ ಪಾಳಿಗೆ, ಯಂತ್ರಗಳ ಮುಂದೆ ನಿಲ್ಲುವುದು. ಭಾನುವಾರ ರೂಮಿಗೆ ಬೀಗ. ವಾರ್ಡಿನವರು ಯಾರೂ ಆ ಕಡೆ ಹೋಗಲು ಒಪ್ಪುತ್ತಿರಲಿಲ್ಲ. ರಜೆ ಕಡಿಮೆ, ಕಾಲು ಊದಿಕೊಳ್ಳುತ್ತವೆ, ಪರಿಚಯವಾದ ರೋಗಿಗಳು ಒಂದು ದಿನ ಬರುವುದನ್ನು ನಿಲ್ಲಿಸಿಬಿಡುತ್ತಾರೆ.

ಇನ್‌ಚಾರ್ಜ್ ಸಿಸ್ಟರ್ ಕನ್ನಡಕ ಮೇಲೆ ಸರಿಸಿ ಅವಳನ್ನೇ ನೋಡಿದರು. "ಆರನೇ ದಿನದ ರಜೆ ಬಿಟ್ಟು ಏಳನೇ ದಿನದ್ದು ಕೇಳಾಕ ಬಂದಿಯಲ್ಲ, ಹುಷಾರದಿ ಇಲ್ಲೋ?"

"ಹುಷಾರದೀನ್ರಿ ಸಿಸ್ಟರ್. ಏಳು ಬೇಕ್ರಿ ನನಗ."

"ಭಾನುವಾರ ಮಗಳಿಗೆ ಸಾಲಿ ಇರಲ್ಲ, ಅದಕ್ಕೇನು?"

"ಅದೂ ಹೌದ್ರಿ" ಅಂದಳು ಅಂಜಲಿ. ಆ ಮಾತು ಅವಳಿಗೆ ಆಗಷ್ಟೇ ಹೊಳೆದದ್ದು.

ಕಿರಣನಿಗೆ ತಿಳಿಸುವುದೇ ಕಷ್ಟವಾಯಿತು. ಬಾಗಿಲಲ್ಲಿ ನಿಂತು, ಒಂದು ಬೂಟು ಹಾಕಿಕೊಂಡು, ಇನ್ನೊಂದು ಕೈಯಲ್ಲಿ ಹಿಡಿದು ಕೇಳಿದ. "ಇರೋ ರಜಾನ ಕಮ್ಮಿ ಮಾಡ್ಕೊಂಡು ಬಂದ್ಯಾ? ಇದ್ದಾಗನ ಸಿಗಲಿಲ್ಲ, ಈಗ ಸಿಗ್ತೀಯಾ?"

"ನಿಮ್ ಆಫು ಎಂಟು ದಿನಕ್ಕ ಬರ್ತೈತಿ, ಹೌದಿಲ್ಲೋ? ಈ ಸಲ ಸೋಮವಾರ ಬಂದ್ರ ಮುಂದಿನ ಸಲ ಯಾವ ವಾರ?"

ಅವನು ಬೆರಳು ಮಡಚಿದ. "ಮಂಗಳವಾರ."

"ಆಮ್ಯಾಲ?"

"ಬುಧವಾರ... ಗುರುವಾರ..." ಬೂಟು ಹಿಡಿದ ಕೈ ಕೆಳಗಿಳಿಯಿತು. "ಒಂದೊಂದ ವಾರ ಸರೀತೈತಿ. ಭಾನುವಾರ ತಪ್ಪಿಸಿಕೊಳ್ಳಾಕ ಆಗಂಗಿಲ್ಲ!"

"ಎಲ್ಲಿಂದ ಶುರುವಾದ್ರೂ" ಅಂದಳು ಅಂಜಲಿ.

ಕೆಳಗೆ ಫ್ಯಾಕ್ಟರಿ ಬಸ್ಸು ಹಾರ್ನ್ ಹೊಡೆಯಿತು. ಅವನು ಒಂದೇ ಬೂಟಿನಲ್ಲಿ ಮೆಟ್ಟಿಲು ಇಳಿದು ಓಡಿದ.

ಸಿಗುವುದೇನೋ ಖಾತ್ರಿ, ಆದರೆ ಐವತ್ತಾರು ದಿನಕ್ಕೊಮ್ಮೆ. ಮೊದಲನೆಯದಕ್ಕೆ ಕಾಯುವುದು ಶುರುವಾಯಿತು. ಕಿರಣನ ಆಫು ಸೋಮವಾರವಿತ್ತು, ಭಾನುವಾರವನ್ನು ಈಗಷ್ಟೇ ದಾಟಿ. ಅದು ಮಂಗಳವಾರವಾಯಿತು, ಬುಧವಾರವಾಯಿತು. ಡಯಾಲಿಸಿಸ್ ರೂಮಿನಲ್ಲಿ ದಿನ ಬಿಟ್ಟು ದಿನ ಬರುವ ದೊಡ್ಡಬಸಪ್ಪ ಅನ್ನುವ ಹಿರಿಯರಿದ್ದರು. ಹಿಂದೆ ಅಕ್ಕಿ ಗಿರಣಿ ನಡೆಸುತ್ತಿದ್ದವರು. ಕೈಗೆ ಸೂಜಿ ಚುಚ್ಚಿಸಿಕೊಂಡು ನಾಲ್ಕು ತಾಸು ಮಲಗುವವರಿಗೆ ಯಾರದಾದರೂ ಕಥೆ ಬೇಕು.

"ಎಲ್ಲಿಗೆ ಬಂತವ್ವ ನಿನ್ ಯಜಮಾನ್ರ ಆಫು?"

"ಗುರುವಾರಕ್ಕ ಬಂದೈತ್ರಿ ಅಜ್ಜಾರ."

"ಭಲೆ. ನನಗ ದಿನಕ್ಕೊಂದು ಲೋಟ ನೀರು ಅಂತ ಹೇಳ್ಯಾರ ಡಾಕ್ಟ್ರು. ನಿನಗ ಗಂಡನ್ನೂ ಲೋಟದಾಗ ಅಳದು ಕೊಟ್ಟಾರ. ಕುಡಿಲಾರದ ಕುಂತವರಿಗೇ ನೀರಿನ ರುಚಿ ಗೊತ್ತು ಬಿಡು."

ಶುಕ್ರವಾರವಾಯಿತು. ಮುಂದಿನದು ಶನಿವಾರ, ಅದರ ಮುಂದಿನದು ಭಾನುವಾರ. ಮೈತ್ರಿ ಲಂಗದ ಹೊಲಿಗೆ ಬಿಚ್ಚಿಸಿ ಉದ್ದ ಮಾಡಿಸಿಕೊಂಡಿದ್ದಳು, ಅಷ್ಟರಲ್ಲಿ ಅಷ್ಟು ಬೆಳೆದಿದ್ದಳು.

ಮತ್ತೆ ಶಟ್‌ಡೌನ್.

ಶನಿವಾರದ ಆಫು ಎರಡು ದಿನ ಸರಿದು ಸೋಮವಾರಕ್ಕೆ ಬಿತ್ತು. ಭಾನುವಾರವನ್ನು ಹಾರಿ, ಅದರ ಆಚೆ. ಎಲ್ಲ ಮೊದಲಿಂದ. ಕಿರಣ ಫ್ಯಾಕ್ಟರಿ ಗೇಟಿನ ಹತ್ತಿರದ ಚಹಾ ಅಂಗಡಿಯಿಂದ ಫೋನು ಮಾಡಿದ. ಹಿಂದೆ ಲಾರಿಗಳ ಸದ್ದು.

"ಹೋತು ಅಂಜೂ. ಮತ್ತ ಹೋತು. ನಮ್ ಹಣೇಬರಹದಾಗ ಇಲ್ಲ ಅದು."

ಅಂಜಲಿ ಅಳುತ್ತಿದ್ದಳು. ಅಳುತ್ತಲೇ ಮಾತಾಡಿದಳು, "ಮೊದಲಿನಂಗ ಅಲ್ರಿ ಇದು. ಮೊದಲು ಇರಲೇ ಇಲ್ಲ. ಈಗ ದೂರ ಐತಿ, ಅಷ್ಟ. ಸೋಮವಾರ, ಮಂಗಳವಾರ, ಬುಧವಾರ, ಎಣಿಸ್ರಿ. ಎಲ್ಲಾ ವಾರದ ಬಾಗಿಲೂ ಬಡದು ಬರ್ತೈತಿ ಅದು."

"ಮತ್ತ ಶಟ್‌ಡೌನ್ ಆದ್ರ?"

"ಮತ್ತ ಎಣಿಸೋದು."

ಲಾರಿಗಳು ಹೋದವು, ಬಂದವು. ಕೊನೆಗೆ, "ಸಕ್ಕರಿ ಡಬ್ಬಿ ಮುಚ್ಚಳ ಬಿಟ್ಟಾವ ನಾನ" ಅಂದ. "ಮೈತ್ರಿ ಕೈಲೆ ಹೇಳಿ ಕಳಿಸಬೇಕು ಅಂದಿದ್ದೆ."

ಚಳಿಗಾಲ ಬಂತು. ಕಂಪ್ಲಿಯ ಗದ್ದೆ ಕೊಯ್ಲಾಗಿ, ಹೊಳೆಯ ನೀರು ಇಳಿದು ಬಂಡೆಗಳು ಎದ್ದವು. ಕಿರಣನ ಆಫು ಒಂದೊಂದೇ ವಾರದ ಮೇಲೆ ನಿಂತು, ನಿಂತು ಬಂತು. ಶನಿವಾರದ ಆಫು ಶನಿವಾರವೇ ಸಿಕ್ಕಾಗ ಇಬ್ಬರೂ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ, ಎಲ್ಲಿ ಯಂತ್ರಕ್ಕೆ ಕೇಳಿಸಿಬಿಡುತ್ತದೋ ಅನ್ನುವ ಹಾಗೆ.

ಭಾನುವಾರ ಬೆಳಿಗ್ಗೆ ಮೂರನೇ ನೈಟ್ ಶಿಫ್ಟು ಮುಗಿಸಿದವನು ಮನೆಗೂ ಹೋಗದೆ ಹೊಸಪೇಟೆ ಬಸ್‌ಸ್ಟ್ಯಾಂಡಿಗೆ ಬಂದ. ಕಣ್ಣು ಕೆಂಪಗೆ, ಕಿವಿಯ ಹಿಂದೆ ಇನ್ನೂ ಧೂಳು. ಅಂಜಲಿ ಕಮಲಾಪುರದ ಬಸ್ಸಿನಲ್ಲಿ ಸೀಟು ಹಿಡಿದಿದ್ದಳು. ಪಕ್ಕ ಕೂತ. ಇಬ್ಬರಿಗೂ ಏನು ಮಾತಾಡಬೇಕೋ ತಿಳಿಯದೆ, "ಚಹಾ ಕುಡದ್ರೇನು?" ಅಂತ ಅವಳು, "ನೀ ಕುಡದ್ಯಾ?" ಅಂತ ಅವನು. ಅಷ್ಟರಲ್ಲಿ ಅನಂತಶಯನಗುಡಿ ದಾಟಿತ್ತು.

ಕಮಲಾಪುರದಲ್ಲಿ ಉಚ್ಚಂಗೆಮ್ಮ ಮೊಮ್ಮಗಳ ಕೈ ಹಿಡಿದು ನಿಂತಿದ್ದಳು. ಬಸ್ಸಿನಿಂದ ಮೊದಲು ಅವ್ವ ಇಳಿದಳು; ಮೈತ್ರಿ ಓಡಿ ಬಂದಳು. ಹಿಂದೆಯೇ ಅಪ್ಪ ಇಳಿದ. ಹುಡುಗಿ ನಡುದಾರಿಯಲ್ಲಿ ನಿಂತಳು. ಇವಳನ್ನು ನೋಡಿದಳು, ಅವನನ್ನು ನೋಡಿದಳು.

"ಈಗ ಯಾರು ಹೋಗ್ತೀರಿ?" ಅಂತ ಕೇಳಿದಳು.

"ಯಾರೂ ಹೋಗಲ್ಲ" ಅಂದ ಕಿರಣ. ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಇನ್ನೊಮ್ಮೆ ಅಂದ, "ಯಾರೂ ಹೋಗಲ್ಲಲೇ."

ಉಚ್ಚಂಗೆಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, "ಹೋಗ್ರಿ ಜಲ್ದಿ, ಬಿಸಲು ಏರ್ತೈತಿ. ನಾ ಹರಿಗೋಲ ಗಿರಿಗೋಲ ಹತ್ತಾಕಿ ಅಲ್ಲ. ದಂಡಿ ಮ್ಯಾಲ ಕುಂದ್ರತೀನಿ" ಅಂದಳು.

ಹರಿಗೋಲು ನಡೆಸುವ ಅಂಜಿನಯ್ಯ ಹುಟ್ಟನ್ನು ಬಂಡೆಗೆ ಊರಿ ಹಿಡಿದು, "ದೊಡ್ಡೋರು ಎದುರು-ಬದುರು ಕುಂದ್ರಿ, ಹುಡುಗಿ ನಡುವ" ಅಂದ. ಮೈತ್ರಿ, ನಾ ಹೇಳಿರಲಿಲ್ಲವೇ ಅನ್ನುವ ಹಾಗೆ ತಾಯಿಯ ಕಡೆ ನೋಡಿದಳು. ನೀರಿಗೆ ಬಿದ್ದ ಹರಿಗೋಲು ತನ್ನ ಸುತ್ತ ತಾನು ನಿಧಾನ ತಿರುಗಿತು. ಬಂಡೆಗಳು, ಮಂಟಪ, ದಂಡೆಯ ಮೇಲೆ ಕೂತ ಅಜ್ಜಿ, ಮತ್ತೆ ಬಂಡೆಗಳು. ಎಲ್ಲಿಯೂ ವಾಲಲಿಲ್ಲ.

"ಅವ್ವ, ಅಪ್ಪ ಹೇಳ್ಯಾನ, ಹೊಳಿ ನೀರು ತಣ್ಣಗೈತಂತ" ಅಂದಳು ಮೈತ್ರಿ.

"ನಾ ಇಲ್ಲೇ ಅದೀನಲ್ಲಲೇ, ನಾನ ಹೇಳ್ತೀನಿ" ಅಂದ ಕಿರಣ.

"ಹಂಗಾರ ಹೇಳು."

ಅವನು ಅಂಜಲಿಯ ಕಡೆ ತಿರುಗಿದ. "ನೀರು ತಣ್ಣಗೈತಿ" ಅಂದ.

"ಹೌದ್ರಿ" ಅಂದಳು ಅಂಜಲಿ.

ಮೈತ್ರಿ ಕೈತಟ್ಟಿ ನಕ್ಕಳು. ಆಮೇಲೆ ಶಾಲೆಯ ಕಥೆ ಹೇಳಲು ಕೂತಳು: ಏಳರ ಹೋಂವರ್ಕಿಗೆ ಟೀಚರ್ ಪೂರಾ ಮಾರ್ಕ್ಸ್ ಕೊಟ್ಟದ್ದು, ತಾನು ಅವ್ವನ ಮಾತನ್ನು ಕೊನೆಗೆ ಸಣ್ಣಗೆ ಬರೆದದ್ದು, ಟೀಚರ್ ಅದರ ಕೆಳಗೆ ಗೆರೆ ಎಳೆದು ಏನೂ ಅನ್ನದೆ ಬಿಟ್ಟದ್ದು. ಹೇಳುತ್ತ ಹೇಳುತ್ತ ದನಿ ಇಳಿಸಿದಳು.

"ಅವ್ವ. ಅಪ್ಪ ಮಲಗಿಬಿಟ್ಟ."

ಮೂರು ರಾತ್ರಿ ಎಚ್ಚರವಿದ್ದವನು ಹರಿಗೋಲಿನ ಅಂಚಿಗೆ ತಲೆಯಾನಿಸಿ ಬಾಯಿ ತುಸು ತೆರೆದು ನಿದ್ದೆ ಹೋಗಿದ್ದ. ಎಬ್ಬಿಸಲು ಮೈತ್ರಿ ಕೈ ಚಾಚಿದಳು. ಅಂಜಲಿ ಆ ಕೈ ಹಿಡಿದು, ಕೂತಲ್ಲಿಂದ ಮೆಲ್ಲಗೆ ಸರಿದು ಅವನ ಪಕ್ಕಕ್ಕೆ ಬಂದಳು. ತಲೆಯನ್ನು ಬಿದಿರಿನ ಅಂಚಿನಿಂದ ಎತ್ತಿ ತನ್ನ ಹೆಗಲಿಗೆ ಹಚ್ಚಿಕೊಂಡಳು. ಕೆನ್ನೆ ಬೆಚ್ಚಗಿತ್ತು. ಇಷ್ಟು ವರ್ಷ ದಿಂಬಿನಲ್ಲಿ ಉಳಿದ ಬಿಸಿಯನ್ನಷ್ಟೇ ಮುಟ್ಟಿದ್ದಳು.

ಇಬ್ಬರೂ ಒಂದೇ ಕಡೆ ಆದದ್ದಕ್ಕೆ ಹರಿಗೋಲು ಸ್ವಲ್ಪ ವಾಲಿತು. ಮೈತ್ರಿ ಅಂಚು ಹಿಡಿದುಕೊಂಡಳು. ಎದ್ದು, ಹುಷಾರಾಗಿ, ಅವ್ವ ಬಿಟ್ಟ ಜಾಗಕ್ಕೆ ಹೋಗಿ ಎದುರಿಗೆ ಗಟ್ಟಿಯಾಗಿ ಕೂತಳು.

ಅಂಜಿನಯ್ಯ ಹುಟ್ಟು ಎತ್ತಿ ಹಿಡಿದು ಪಿಸುಗುಟ್ಟಿದ. "ದಂಡಿ ಬಂತ್ರಿ ಅಕ್ಕಾರ. ಇಳೀತೀರೇನು?"

ಮೈತ್ರಿ ತುಟಿಯ ಮೇಲೆ ಬೆರಳಿಟ್ಟು, ಇನ್ನೊಂದು ಕೈಯಿಂದ ಗಾಳಿಯಲ್ಲಿ ದೊಡ್ಡದೊಂದು ಸುತ್ತು ಬರೆದು ತೋರಿಸಿದಳು.